ಒಡಕಿನ ನಡುವೆ ವಿನಯ: ಲಂಡನ್ನಿನ ಜಗಳಕ್ಕೆ ಮದರಾಸಿನಲ್ಲಿ ಕಂಡ ದಾರಿ

ಲಂಡನ್ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಚರ್ಚುಗಳ ನಡುವೆಯೇ ಬದುಕುತ್ತಿದ್ದೇವೆ. ನಮ್ಮ ಮಕ್ಕಳಲ್ಲಿ ಅನೇಕರು ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಶಾಲೆಗಳಲ್ಲಿ ಓದುತ್ತಾರೆ. ನಮ್ಮ ಯುಗಾದಿ, ದೀಪಾವಳಿಗಳು ಎಷ್ಟೋ ಬಾರಿ ಚರ್ಚಿನ ಸಭಾಂಗಣಗಳಲ್ಲಿಯೇ ನಡೆಯುತ್ತವೆ. ನಮ್ಮ ಬಳಗದಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. ಆದುದರಿಂದ ಇಲ್ಲಿನ ಚರ್ಚಿನೊಳಗೆ ಕೆಲವು ವರ್ಷಗಳಿಂದ ಹಿಗ್ಗುತ್ತಿರುವ ಬಿರುಕು ನಮಗೆ ದೂರದ ಸುದ್ದಿಯೇನಲ್ಲ. 2023ರ ಫೆಬ್ರವರಿಯಲ್ಲಿ ವೆಸ್ಟ್‌ಮಿನ್‌ಸ್ಟರಿನ ಚರ್ಚ್ ಹೌಸಿನಲ್ಲಿ ಸೇರಿದ ಜನರಲ್ ಸಿನಡ್, ಸಲಿಂಗ ದಂಪತಿಗಳಿಗಾಗಿ ಆಶೀರ್ವಾದದ ಪ್ರಾರ್ಥನೆಗಳನ್ನು ರೂಪಿಸುವ ಪ್ರಸ್ತಾವವನ್ನು ಸ್ವಾಗತಿಸಿತು. ಅದೇ ಡಿಸೆಂಬರಿನಲ್ಲಿ ಆ ಪ್ರಾರ್ಥನೆಗಳು ಬಳಕೆಗೆ ಬಂದವು. ಅಂದಿನಿಂದ ಒಂದು ಪಕ್ಷಕ್ಕೆ ಇದು ಧರ್ಮಗ್ರಂಥದಿಂದ ಜಾರಿದಂತೆ ಕಂಡರೆ, ಇನ್ನೊಂದು ಪಕ್ಷಕ್ಕೆ ಕೊಟ್ಟದ್ದು ಅತ್ಯಲ್ಪವೆಂದು ತೋರಿದೆ. ಎರಡೂ ಪಕ್ಷಗಳವರು ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ.

ಇಂತಹ ಸಂದರ್ಭದಲ್ಲಿ ‘ವಿನಯ ಬೇಕು, ಪ್ರೀತಿ ಬೇಕು’ ಎಂಬ ಮಾತು ಎಲ್ಲ ಕಡೆಯಿಂದಲೂ ಕೇಳಿಬರುತ್ತದೆ. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಒಡೆದ ಮನೆಯಲ್ಲಿ ವಿನಯವೆಂದರೆ ಏನು? ತನ್ನ ಅಭಿಪ್ರಾಯವನ್ನು ಬಿಟ್ಟುಕೊಡುವುದೇ? ಸುಮ್ಮನಿರುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಲಂಡನ್ನಿನಲ್ಲಿ ಹುಟ್ಟಿ, ಬೆಂಗಳೂರು–ಬಳ್ಳಾರಿಗಳವರೆಗೆ ಹರಡಿ, ಮದರಾಸಿನಲ್ಲಿ ಪರಿಹಾರ ಕಂಡ ಒಂದು ಹಳೆಯ ವ್ಯಾಜ್ಯ ನಮ್ಮ ಕಣ್ಣೆದುರಿಗಿದೆ. ಅದರ ಕಥೆ ಕ್ರೈಸ್ತರಲ್ಲದ ಓದುಗರಿಗೂ ಉಪಯುಕ್ತವೆಂದು ನಾವು ನಂಬಿದ್ದೇವೆ; ಏಕೆಂದರೆ ಮಠ, ದೇವಸ್ಥಾನದ ಆಡಳಿತ ಮಂಡಳಿ, ಭಾಷಾ ಸಂಘ ಇವುಗಳಲ್ಲಿ ಯಾವುದೂ ಒಡಕಿಗೆ ಹೊರತಲ್ಲ.

ಮೊದಲಿಗೆ ಒಂದು ಮಾತು. ಪ್ರೀತಿಯ ಕುರಿತು ಕ್ರೈಸ್ತರು ಅತಿ ಹೆಚ್ಚು ನೆನೆಯುವ ಅಧ್ಯಾಯ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿಮೂರನೆಯದು. ಮದುವೆಗಳಲ್ಲಿ ಅದನ್ನು ಓದುವುದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಆದರೆ ಪೌಲನು ಅದನ್ನು ನವದಂಪತಿಗಳಿಗಾಗಿ ಬರೆಯಲಿಲ್ಲ. ತಾನು ಪೌಲನ ಕಡೆಯವನು, ತಾನು ಅಪೊಲ್ಲೋಸನ ಕಡೆಯವನು, ತಾನು ಕೇಫನ ಕಡೆಯವನು ಎಂದು ಗುಂಪು ಕಟ್ಟಿಕೊಂಡು, ಒಬ್ಬರನ್ನೊಬ್ಬರು ನ್ಯಾಯಾಲಯಕ್ಕೆ ಎಳೆಯುತ್ತಿದ್ದ, ಸಹಭೋಜನದಲ್ಲಿ ಬಡವರನ್ನು ಹಸಿದಿರಲು ಬಿಟ್ಟು ತಾವು ಉಣ್ಣುತ್ತಿದ್ದ ಒಂದು ಸಭೆಗೆ ಆ ಪತ್ರ ಹೋಯಿತು. ಜಗಳದ ನಡುವೆ ಹುಟ್ಟಿದ ಆ ಮಾತುಗಳನ್ನು ನಾವು ಹೂಮಾಲೆಗಳ ನಡುವೆ ಇಟ್ಟಿದ್ದೇವೆ.

ಲಂಡನ್ ನಗರವು ಈ ಪಾಠವನ್ನು ಹದಿನೆಂಟನೆಯ ಶತಮಾನದಲ್ಲಿ ಒಮ್ಮೆ ಕಣ್ಣಾರೆ ಕಂಡಿತು. ಜಾನ್ ವೆಸ್ಲಿ ಮತ್ತು ಜಾರ್ಜ್ ವಿಟ್‌ಫೀಲ್ಡ್ ಆಕ್ಸ್‌ಫರ್ಡಿನ ದಿನಗಳಿಂದಲೂ ಗೆಳೆಯರು. ಬಯಲಿನಲ್ಲಿ ನಿಂತು ಸಾವಿರಾರು ಜನರಿಗೆ ಬೋಧಿಸಿದವರು. ದೇವರ ಕೃಪೆ ಎಲ್ಲರಿಗೂ ತೆರೆದಿದೆಯೆಂದು ವೆಸ್ಲಿಯ ನಂಬಿಕೆ. ದೇವರು ಮೊದಲೇ ಆಯ್ದುಕೊಂಡವರಿಗೆ ಮಾತ್ರ ಮುಕ್ತಿಯೆಂದು ವಿಟ್‌ಫೀಲ್ಡರ ನಂಬಿಕೆ. 1739ರಿಂದ ಮುಂದಕ್ಕೆ ಇಬ್ಬರೂ ಪರಸ್ಪರರ ವಿರುದ್ಧ ಅಚ್ಚು ಹಾಕಿಸಿದರು. ಅನುಯಾಯಿಗಳು ಎರಡು ಹೋಳಾದರು. ಕಾಲಕ್ರಮದಲ್ಲಿ ಸ್ನೇಹ ಮರಳಿತು, ಭಿನ್ನಮತ ಮಾತ್ರ ಉಳಿಯಿತು. 1770ರ ಸೆಪ್ಟೆಂಬರ್ 30ರಂದು ವಿಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ, ಅವರದೇ ಇಚ್ಛೆಯಂತೆ, ಲಂಡನ್ನಿನಲ್ಲಿ ಸ್ಮರಣೆಯ ಪ್ರವಚನ ಮಾಡಿದವರು ವೆಸ್ಲಿ. ಆ ವರ್ಷದ ನವೆಂಬರ್ 18ರಂದು ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಚಾಪೆಲಿನಲ್ಲಿ, ಗೆಳೆಯನ ಹಿಂಬಾಲಕರ ಎದುರಿನಲ್ಲಿಯೇ, ಅವರು ವಿವಾದದ ವಿಷಯವನ್ನು ಎತ್ತದೆ ಇಬ್ಬರಿಗೂ ಸಮಾನವಾಗಿದ್ದ ನಂಬಿಕೆಯನ್ನು ಕುರಿತು ಮಾತನಾಡಿದರು.

ಇಬ್ಬರ ನಡೆಯೂ ದೊಡ್ಡದು. ಆದರೂ ಮುಂದೆ ಆದದ್ದನ್ನು ಮರೆಯಬಾರದು. ವಿವಾದದ ತತ್ತ್ವವನ್ನು ಹೇಳದೆ ಬಿಟ್ಟರೆಂದು ವಿಟ್‌ಫೀಲ್ಡರ ಪಕ್ಷದ ಕೆಲವರು ವೆಸ್ಲಿಯವರನ್ನು ಟೀಕಿಸಿದರು. 1770ರ ದಶಕದಲ್ಲಿ ಎರಡು ಬಣಗಳ ಕಲಹ ಮತ್ತಷ್ಟು ಕಟುವಾಯಿತು. ವ್ಯಕ್ತಿಗಳ ವಿನಯ ಆ ವ್ಯಕ್ತಿಗಳೊಡನೆಯೇ ಮುಗಿದುಹೋಗಬಹುದು. ಅದು ಉಳಿಯಬೇಕಾದರೆ ಸಂಸ್ಥೆಯ ನಡವಳಿಕೆಯಲ್ಲಿ, ನಿಯಮದಲ್ಲಿ, ಕಾಲಾವಧಿಯಲ್ಲಿ ಅದಕ್ಕೊಂದು ಸ್ಥಾನ ದೊರೆಯಬೇಕು. ಈ ಕೆಲಸ ನಡೆದದ್ದು ದಕ್ಷಿಣ ಭಾರತದಲ್ಲಿ.

ಇಂಗ್ಲೆಂಡಿನ ಒಡಕುಗಳು ಹಡಗೇರಿ ನಮ್ಮ ನಾಡಿಗೆ ಬಂದ ಬಗೆಯನ್ನು ತಿಳಿಯಬೇಕಾದರೆ ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಮಹಾತ್ಮ ಗಾಂಧಿ ರಸ್ತೆಯ ತುದಿಯಲ್ಲಿರುವ ಸೇಂಟ್ ಮಾರ್ಕ್ಸ್ ಕೆಥೀಡ್ರಲ್ ದಂಡುಪ್ರದೇಶದ ಆಂಗ್ಲಿಕನ್ನರದು. ನಗರಪಾಲಿಕೆ ಕಚೇರಿಯ ಬಳಿ, ವೃತ್ತಕ್ಕೇ ತನ್ನ ಹೆಸರು ಕೊಟ್ಟ ಹಡ್ಸನ್ ಸ್ಮಾರಕ ಚರ್ಚು ವೆಸ್ಲಿಯ ಪರಂಪರೆಯವರಾದ ಮೆಥಡಿಸ್ಟರದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿಯದು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬಿ.ಎಲ್. ರೈಸರ ತಂದೆ ಬೆಂಜಮಿನ್ ರೈಸರ ನೆನಪಿನಲ್ಲಿ ಕಟ್ಟಿದ್ದು. ಇದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಂದವರು. ಮಂಗಳೂರು, ಧಾರವಾಡಗಳಲ್ಲಿ ಬಾಸೆಲ್ ಮಿಷನ್ನಿನವರು ಬೇರೆ ಇದ್ದರು.

ಮಿಷನ್ನುಗಳು ತಮ್ಮತಮ್ಮಲ್ಲಿ ಪ್ರದೇಶಗಳನ್ನು ಹಂಚಿಕೊಂಡಿದ್ದವು. ಹೀಗಾಗಿ ತುಮಕೂರಿನ ಕಡೆ ಕ್ರೈಸ್ತನಾದವನು ವೆಸ್ಲಿಯನ್ ಆದನು, ಚಿಕ್ಕಬಳ್ಳಾಪುರದ ಕಡೆ ಕ್ರೈಸ್ತನಾದವನು ಲಂಡನ್ ಮಿಷನ್ನಿನವನಾದನು. ಬಿಷಪ್ಪರು ಇರಬೇಕೇ ಬೇಡವೇ, ಸಭೆಯ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಹದಿನೇಳನೆಯ ಶತಮಾನದ ಆಂಗ್ಲ ವಾಗ್ವಾದಗಳಲ್ಲಿ ಆ ರೈತನೋ ನೇಕಾರನೋ ಯಾವ ಪಕ್ಷವನ್ನೂ ಆರಿಸಿಕೊಂಡವನಲ್ಲ. ಅವನ ಪಂಗಡವನ್ನು ಗೊತ್ತುಮಾಡಿದ್ದು ಭೂಪಟ. ಆದರೂ ಊರು ಬಿಟ್ಟು ಊರಿಗೆ ಹೋದಾಗ ಅವನು ಬೇರೊಂದು ಚರ್ಚಿನ ಪ್ರಭುಭೋಜನದಲ್ಲಿ ಪಾಲ್ಗೊಳ್ಳಬಹುದೇ ಎಂಬ ಪ್ರಶ್ನೆ ಏಳುತ್ತಿತ್ತು.

ಈ ಸ್ಥಿತಿಯನ್ನು ಮೊದಲು ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಪ್ರಮುಖರು ವಿ.ಎಸ್. ಅಜರಯ್ಯ. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾದ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ವಿವಿಧ ಪಂಗಡಗಳ 33 ಜನ ಸೇರಿದರು. ಅವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. ನಾವು ಸೃಷ್ಟಿಸದ ಒಡಕುಗಳನ್ನು ನಾವೇಕೆ ಹೊರಬೇಕು ಎಂಬುದು ಅವರ ಹೇಳಿಕೆಯ ತಿರುಳು. ಅಲ್ಲಿಂದ ಒಪ್ಪಂದಕ್ಕೆ 28 ವರ್ಷ ಹಿಡಿಯಿತು. ಮೆಥಡಿಸ್ಟರು 1943ರಲ್ಲಿ, ಆಂಗ್ಲಿಕನ್ನರು 1945ರಲ್ಲಿ, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು 1908ರಲ್ಲಿಯೇ ಸೇರಿ ರಚಿಸಿಕೊಂಡಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು 1946ರಲ್ಲಿ ಯೋಜನೆಗೆ ಸಮ್ಮತಿಸಿದರು. ಅಜರಯ್ಯನವರು 1945ರ ಜನವರಿ 1ರಂದು ನಿಧನರಾದರು. ತಾವು ದುಡಿದ ಐಕ್ಯವನ್ನು ಅವರು ಕಾಣಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ನಮ್ಮ ಜನ ಸಿ.ಎಸ್.ಐ. ಎಂದು ಕರೆಯುವ ಸಭೆ, ಅಸ್ತಿತ್ವಕ್ಕೆ ಬಂತು. ದೇಶ ಎರಡಾಗಿ ಕೇವಲ 43 ದಿನಗಳಾಗಿದ್ದವು. ಉತ್ತರದಲ್ಲಿ ರಕ್ತ ಹರಿಯುತ್ತಿತ್ತು. ಆಗ ದಕ್ಷಿಣದಲ್ಲಿ ಬೇರೆಯಾಗಿದ್ದವರು ಒಂದಾದರು.

ಒಂದಾದ ರೀತಿಯಲ್ಲಿ ಮೂರು ಅಂಶಗಳು ನಮಗೆ ಮುಖ್ಯವೆನಿಸುತ್ತವೆ.

ಮೊದಲನೆಯದು, ಯಾರ ಹಿಂದಿನ ಬದುಕನ್ನೂ ಸುಳ್ಳೆಂದು ಸಾರಲಿಲ್ಲ. ಬಿಷಪ್ಪರ ಕೈಯಿಂದ ದೀಕ್ಷೆ ಪಡೆದವನು ಮಾತ್ರ ನಿಜವಾದ ಗುರು ಎಂಬುದು ಆಂಗ್ಲಿಕನ್ನರಲ್ಲಿ ಅನೇಕರ ದೃಢನಂಬಿಕೆ. ಹಾಗಿದ್ದರೆ ದಶಕಗಳ ಕಾಲ ಸೇವೆ ಸಲ್ಲಿಸಿದ ಮೆಥಡಿಸ್ಟ್ ಸಭಾಪಾಲಕರು ಹೊಸದಾಗಿ ದೀಕ್ಷೆ ಪಡೆಯಬೇಕೇ? ಬೇಡವೆಂದು ತೀರ್ಮಾನಿಸಲಾಯಿತು. ಅವರನ್ನು ಇದ್ದಂತೆಯೇ ಸಭಾಪಾಲಕರೆಂದು ಸ್ವೀಕರಿಸಲಾಯಿತು. ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರ ಕೈಯಿಂದ ನಡೆಯಬೇಕೆಂಬುದನ್ನು ಉಳಿದವರು ಒಪ್ಪಿದರು. ಬಿಷಪ್ಪರೆಂಬ ಪದವಿಯನ್ನೇ ಅನುಮಾನದಿಂದ ನೋಡುತ್ತಿದ್ದ ಪರಂಪರೆಯವರಿಗೆ ಇದು ಸಣ್ಣ ತ್ಯಾಗವಲ್ಲ. ಹಿಂದಿನದನ್ನು ಒಬ್ಬರು ಬಿಟ್ಟುಕೊಟ್ಟರು, ಮುಂದಿನದನ್ನು ಇನ್ನೊಬ್ಬರು ಬಿಟ್ಟುಕೊಟ್ಟರು.

ಎರಡನೆಯದು, ಮನಸ್ಸಾಕ್ಷಿಯ ವಿಷಯದಲ್ಲಿ ಬಹುಮತದ ಬಲವನ್ನು ಪ್ರಯೋಗಿಸುವುದಿಲ್ಲವೆಂಬ ವಾಗ್ದಾನ. ಯಾವುದೇ ಸ್ಥಳೀಯ ಸಭೆಗೆ, ಅದು ಒಪ್ಪದ ಆರಾಧನಾ ಕ್ರಮವನ್ನಾಗಲಿ ಗುರುವನ್ನಾಗಲಿ ಹೇರುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟರು.

ಮೂರನೆಯದು, ಕಾಲ. ಎರಡು ಬಗೆಯ ದೀಕ್ಷೆಯವರು ಕೂಡಿ ಬಾಳುವುದಕ್ಕೆ 30 ವರ್ಷಗಳ ಅವಧಿಯನ್ನು ಇಟ್ಟುಕೊಂಡರು. ಒಂದು ತಲೆಮಾರು ಒಟ್ಟಿಗೆ ಉಂಡು, ಹಾಡಿ, ಹೂತು, ಮದುವೆ ಮಾಡಿಸಿದ ಮೇಲೆ ಪ್ರಶ್ನೆಯ ರೂಪವೇ ಬದಲಾಗುವುದೆಂಬ ವಿಶ್ವಾಸ ಅದರ ಹಿಂದೆ ಇತ್ತು.

ಈ ಮೂರರಲ್ಲಿ ಯಾರೂ ತಮ್ಮ ನಂಬಿಕೆಯನ್ನು ಕೈಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಅವರು ಬಿಟ್ಟದ್ದು, ಎದುರಿನವನು ತನ್ನ ತಪ್ಪನ್ನು ಒಪ್ಪಿಕೊಂಡ ಮೇಲೆಯೇ ಬಾಗಿಲು ತೆರೆಯುವೆನೆಂಬ ಹಠವನ್ನು. ಒಡಕಿನ ನಡುವೆ ವಿನಯವೆಂದರೆ ಇದೇ ಎಂದು ನಮ್ಮ ಅಭಿಪ್ರಾಯ.

ಲಂಡನ್ನಿನಲ್ಲಿ ಮಾತ್ರ ಇದು ಎಲ್ಲರಿಗೂ ರುಚಿಸಲಿಲ್ಲ. ಕವಿ ಟಿ.ಎಸ್. ಎಲಿಯಟ್ ಕೆನ್ಸಿಂಗ್ಟನ್ನಿನ ಗ್ಲಾಸ್ಟರ್ ರಸ್ತೆಯ ಸೇಂಟ್ ಸ್ಟೀಫನ್ಸ್ ಚರ್ಚಿನ ವಾರ್ಡನ್ ಆಗಿದ್ದವರು. 1943ರಲ್ಲಿ ಅವರು ದಕ್ಷಿಣ ಭಾರತದ ಯೋಜನೆಯನ್ನು ವಿರೋಧಿಸಿ ಒಂದು ಪುಸ್ತಿಕೆ ಪ್ರಕಟಿಸಿದರು. ಅದರ ಶೀರ್ಷಿಕೆಯೇ ಈ ಪುನರ್ಮಿಲನವನ್ನು ವಿನಾಶವೆಂದು ಕರೆಯುತ್ತಿತ್ತು. 1701ರಿಂದಲೂ ಮಿಷನ್ ಕಾರ್ಯ ನಡೆಸುತ್ತಿದ್ದ ಆಂಗ್ಲಿಕನ್ ಸಂಸ್ಥೆ ಎಸ್.ಪಿ.ಜಿ., ಹೊಸ ಸಭೆಗೆ ಸೇರಿದವರಿಗೆ ತನ್ನ ಸಾಮಾನ್ಯ ನಿಧಿಯಿಂದ ಹಣ ಕೊಡುವುದನ್ನು ನಿಲ್ಲಿಸಿತು. 1948ರಲ್ಲಿ ಸೇರಿದ ಲ್ಯಾಂಬೆತ್ ಸಮ್ಮೇಳನದಲ್ಲಿ, ಹೊಸ ಸಭೆಯಲ್ಲಿ ನಡೆದ ದೀಕ್ಷೆಗಳನ್ನು ಮಾನ್ಯ ಮಾಡುವ ವಿಷಯದಲ್ಲಿ ಬಿಷಪ್ಪರು ಒಮ್ಮತಕ್ಕೆ ಬರಲಿಲ್ಲ. ಆಂಧ್ರದ ನಂದ್ಯಾಲ ಪ್ರದೇಶದಲ್ಲಿ ಸಾವಿರಾರು ಆಂಗ್ಲಿಕನ್ನರು ಐಕ್ಯಕ್ಕೆ ಸೇರದೆ ಹೊರಗುಳಿದರು.

ಎಲಿಯಟ್ಟರನ್ನು ಅಹಂಕಾರಿಯೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಒಂದೇ ಪದಕ್ಕೆ ಇಬ್ಬರು ಎರಡು ಅರ್ಥ ಇಟ್ಟುಕೊಂಡು ಸಹಿ ಹಾಕಿದರೆ ಅದು ಐಕ್ಯವೇ ಎಂಬ ಅವರ ಪಕ್ಷದ ಪ್ರಶ್ನೆಯಲ್ಲಿ ಸತ್ಯದ ಕುರಿತ ಕಾಳಜಿ ಇತ್ತು. ಒಪ್ಪಂದಗಳು ಅಸ್ಪಷ್ಟತೆಯ ಮೇಲೆ ನಿಂತು ಮುಂದೆ ಕುಸಿದುಬಿದ್ದ ಉದಾಹರಣೆಗಳನ್ನು ನಾವೂ ಬಲ್ಲೆವು. ಈ ಪ್ರಶ್ನೆಗೆ ದಕ್ಷಿಣದವರು ಬಾಳಿ ತೋರಿಸುವ ಮೂಲಕ ಉತ್ತರಿಸಿದರು. ಲಂಡನ್ನಿನ ಮಾನ್ಯತೆಗಾಗಿ ಅವರು ಮೆಥಡಿಸ್ಟ್ ಸಹೋದ್ಯೋಗಿಗಳಿಗೆ ಮರುದೀಕ್ಷೆ ಕೊಡಿಸಲಿಲ್ಲ. ಹಾಗೆಂದು ಇಂಗ್ಲೆಂಡಿನ ಸಭೆಯೊಡನೆ ಸಂಬಂಧವನ್ನೂ ಕಡಿದುಕೊಳ್ಳಲಿಲ್ಲ. 1955ರಲ್ಲಿ ಕ್ಯಾಂಟರ್ಬರಿ ಮತ್ತು ಯಾರ್ಕ್ ಪ್ರಾಂತಗಳ ಧರ್ಮಸಭೆಗಳು ಹೊಸ ದೀಕ್ಷೆಗಳನ್ನು ಮಾನ್ಯ ಮಾಡಿದವು. 1988ರ ಲ್ಯಾಂಬೆತ್ ಸಮ್ಮೇಳನಕ್ಕೆ ಸಿ.ಎಸ್.ಐ. ಬಿಷಪ್ಪರು ಪೂರ್ಣ ಸದಸ್ಯರಾಗಿ ಬಂದರು. ನಾಲ್ಕು ದಶಕಗಳ ತಾಳ್ಮೆ ಅದು. ನಂದ್ಯಾಲದವರೂ 1970ರ ದಶಕದಲ್ಲಿ ಸಿ.ಎಸ್.ಐ.ಗೆ ಸೇರಿದರು, 2013ರಲ್ಲಿ ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ಪರಾಗಿ ಇ. ಪುಷ್ಪಲಲಿತಾ ಅವರು ಅಧಿಕಾರ ವಹಿಸಿಕೊಂಡದ್ದು ಅದೇ ನಂದ್ಯಾಲದಲ್ಲಿ. ಹಳೆಯ ಪದ್ಧತಿಯನ್ನು ಬಿಡಲಾರೆವೆಂದು ಹೊರಗುಳಿದಿದ್ದ ಊರು ಅದು.

ಇತ್ತ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಸಭೆಗಳನ್ನು ಒಂದುಗೂಡಿಸುವ ಯೋಜನೆ 1972ರಲ್ಲಿ ಜನರಲ್ ಸಿನಡಿನಲ್ಲಿ ಬೇಕಾದಷ್ಟು ಮತ ಸಿಗದೆ ಬಿದ್ದುಹೋಯಿತು. 2003ರ ನವೆಂಬರ್ 1ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಎರಡೂ ಸಭೆಗಳು ಒಂದು ಒಡಂಬಡಿಕೆಗೆ ಸಹಿ ಹಾಕಿದವಾದರೂ ಇಂದಿಗೂ ಅವು ಎರಡೇ. ಜಗಳವನ್ನು ರಫ್ತು ಮಾಡಿದ ನಾಡಿಗೆ, ಪರಿಹಾರವನ್ನು ಆಮದು ಮಾಡಿಕೊಳ್ಳುವುದು ಸುಲಭವಾಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಮಾತು ಅರ್ಧವಾದೀತು. ವಿನಯದ ಉಪದೇಶಕ್ಕೆ ಒಂದು ಅಪಾಯವಿದೆ: ಅದನ್ನು ಸಾಮಾನ್ಯವಾಗಿ ಬಲವಿದ್ದವರು ಬಲವಿಲ್ಲದವರಿಗೆ ಮಾಡುತ್ತಾರೆ. ನೊಂದವರು ದೂರು ಹೇಳಲು ಬಂದಾಗ ‘ಐಕ್ಯ ಕೆಡಿಸಬೇಡಿ’ ಎನ್ನುವುದುಂಟು. 2024ರ ನವೆಂಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಗಿ ಬಂದದ್ದು, ಹುಡುಗರ ಮೇಲೆ ನಡೆದಿದ್ದ ದೌರ್ಜನ್ಯದ ದೂರುಗಳನ್ನು ಚರ್ಚು ನಿಭಾಯಿಸಿದ ರೀತಿಯ ಬಗ್ಗೆ ಮೇಕಿನ್ ವರದಿ ಬಯಲು ಮಾಡಿದ ಸಂಗತಿಗಳಿಂದ. ಅಪರಾಧವನ್ನು ಮುಚ್ಚಿಡುವ ಮೌನಕ್ಕೆ ಪ್ರೀತಿಯೆಂಬ ಹೆಸರು ಸಲ್ಲದು. ನಮ್ಮ ನಾಡಿನ ಚರ್ಚುಗಳಲ್ಲಿಯೂ ದಲಿತ ಕ್ರೈಸ್ತರಿಗೆ ಶತಮಾನಗಳ ಕಾಲ ತಾಳ್ಮೆಯ ಬೋಧೆ ಧಾರಾಳವಾಗಿ ದೊರಕಿತು, ಸಮಾನ ಸ್ಥಾನ ಮಾತ್ರ ತಡವಾಗಿ. ಸಿ.ಎಸ್.ಐ. ಕೂಡ ಇಂದು ಆದರ್ಶದ ಮನೆಯಾಗಿ ಉಳಿದಿಲ್ಲ. ಅದರ ಚುನಾವಣೆ, ಆಸ್ತಿಗಳ ವ್ಯಾಜ್ಯಗಳು ನ್ಯಾಯಾಲಯಗಳ ಮೆಟ್ಟಿಲೇರಿವೆ. ಕೊರಿಂಥದವರ ಹಳೆಯ ರೋಗ ಅಲ್ಲಿಯೂ ಮರುಕಳಿಸಿದೆ.

ಹಾಗೆಯೇ ವಿನಯಕ್ಕೆ ಬೆಲೆ ಇದೆ. ಅದನ್ನು ಯಾರು ತೆರುತ್ತಿದ್ದಾರೆಂದು ಕೇಳಬೇಕು. ಚರ್ಚ್ ಆಫ್ ಇಂಗ್ಲೆಂಡ್ 2014ರಲ್ಲಿ ಮಹಿಳೆಯರು ಬಿಷಪ್ಪರಾಗಲು ದಾರಿ ತೆರೆದಾಗ, ಅದನ್ನು ಒಪ್ಪಲಾರದವರಿಗೂ ಸಭೆಯೊಳಗೆ ಗೌರವದ ಸ್ಥಾನ ಉಳಿಸಿತು. ಲಂಡನ್ ಪ್ರಾಂತಕ್ಕೆ 2018ರಲ್ಲಿ ಸಾರಾ ಮುಲ್ಲಲಿ ಬಿಷಪ್ಪರಾಗಿ ಬಂದರು. ಮಹಿಳೆಯ ದೀಕ್ಷೆಯನ್ನು ಒಪ್ಪದ ಸಭೆಗಳ ಆರೈಕೆಯನ್ನು ಅದೇ ಪ್ರಾಂತದೊಳಗೆ ಫುಲ್ಹಮಿನ ಬಿಷಪ್ಪರು ನೋಡಿಕೊಳ್ಳುತ್ತಾರೆ. ಒಡೆಯದೆ ಉಳಿಯುವ ಈ ವ್ಯವಸ್ಥೆಯನ್ನು ನಾವು ಗೌರವಿಸುತ್ತೇವೆ. ಆದರೆ ತಮ್ಮ ದೀಕ್ಷೆಯನ್ನೇ ಸಂದೇಹಿಸುವವರೊಡನೆ ಒಂದೇ ಮೇಜಿಗೆ ಕುಳಿತುಕೊಳ್ಳುವ ಭಾರವನ್ನು ಪ್ರತಿದಿನ ಹೊರುತ್ತಿರುವವರು ಮಹಿಳಾ ಗುರುಗಳು. ಇಂದಿನ ವಿವಾದದಲ್ಲಿಯೂ ಹೀಗೆಯೇ: ಕೆಲವರಿಗೆ ಅದು ತತ್ತ್ವದ ಚರ್ಚೆ, ಕೆಲವರಿಗೆ ಸ್ವಂತ ಬದುಕು. ಈ ಅಸಮಾನತೆಯನ್ನು ಬಾಯಿಬಿಟ್ಟು ಒಪ್ಪಿಕೊಳ್ಳದೆ ಮಾಡುವ ಪ್ರೀತಿಯ ಮಾತು ನೊಂದವರ ಕಿವಿಗೆ ಹಿತವಾಗಿ ಕೇಳಿಸದು.

ಇನ್ನು ನಮ್ಮ ವಿಷಯ. ಹೊರನಾಡಿನಲ್ಲಿ ಕನ್ನಡ ಸಂಘಗಳು ಒಡೆಯುವುದು ಅಪರೂಪವಲ್ಲ. ಪದಾಧಿಕಾರ, ಹಣಕಾಸಿನ ಲೆಕ್ಕ, ಕಾರ್ಯಕ್ರಮದ ಸ್ವರೂಪ, ಊರು, ಜಾತಿ, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಮಾತು ಬಿಟ್ಟವರು ಒಂದೇ ಊರಿನ ಎರಡು ಸಭಾಂಗಣಗಳಲ್ಲಿ ಒಂದೇ ಶನಿವಾರ ಎರಡು ದೀಪಾವಳಿ ಮಾಡುತ್ತಾರೆ. ಮಕ್ಕಳು ತಮ್ಮ ಗೆಳೆಯರು ಏಕೆ ಬರಲಿಲ್ಲವೆಂದು ಕೇಳುತ್ತಾರೆ. ಇಂತಹ ಕಡೆ ಮದರಾಸಿನ ಒಪ್ಪಂದದಿಂದ ಎರವಲು ಪಡೆಯಬಹುದಾದ ನಿಯಮಗಳು ಸರಳವಾಗಿವೆ. ಹಿಂದಿನ ಸಮಿತಿಯ ದುಡಿಮೆಯನ್ನು ಸುಳ್ಳೆಂದು ಸಾರದೆ ಮುಂದಿನದನ್ನು ಬದಲಿಸುವುದು. ಲೆಕ್ಕಪತ್ರದ ವಿಷಯದಲ್ಲಿ ಮತಕ್ಕೆ ಹಾಕಿ ನಿರ್ಧರಿಸುವುದು, ಮನಸ್ಸಾಕ್ಷಿಯ ವಿಷಯದಲ್ಲಿ ಬಹುಮತವನ್ನು ಹೇರದಿರುವುದು. ಒಂದೇ ಮಹಾಸಭೆಯಲ್ಲಿ ಎಲ್ಲವನ್ನೂ ಇತ್ಯರ್ಥಪಡಿಸುವ ಆತುರವನ್ನು ಬಿಡುವುದು. ಅನ್ಯಾಯವಾಗಿದೆಯೆಂದು ಹೇಳುವವರನ್ನು ಮೊದಲು ಕೇಳುವುದು. ಐಕ್ಯದ ಮಾತು ಆಮೇಲೆ.

ಲಂಡನ್ನಿನಲ್ಲಿ ಆರ್ಚ್‌ಬಿಷಪ್ಪರ ನಿವಾಸವಾದ ಲ್ಯಾಂಬೆತ್ ಅರಮನೆಯಿಂದ ಥೇಮ್ಸ್ ನದಿಯ ದಂಡೆ ಹಿಡಿದು ಸ್ವಲ್ಪ ದೂರ ನಡೆದರೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಸಿಗುತ್ತದೆ. ಮಂತ್ರಿಪದವಿಯಲ್ಲಿದ್ದೂ ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಎಣಿಸಿದವರು ಅವರು; ಅದೇ ವೇಳೆಗೆ ಅನ್ಯಾಯದ ಎದುರು ತಲೆ ಬಾಗಿಸದವರೂ ಹೌದು. ಕಿರಿತನವನ್ನು ತಾನಾಗಿ ಆರಿಸಿಕೊಳ್ಳುವುದು ಬೇರೆ, ಇನ್ನೊಬ್ಬರ ಮೇಲೆ ಹೊರಿಸುವುದು ಬೇರೆ ಎಂಬ ವಿವೇಕ ನಮ್ಮ ಭಾಷೆಗೆ ಎಂಟು ಶತಮಾನಗಳಿಗಿಂತ ಹಳೆಯದು.

ಇಂದು ಭಾನುವಾರಗಳಂದು ಬೆಂಗಳೂರಿನ ಸೇಂಟ್ ಮಾರ್ಕ್ಸ್, ಹಡ್ಸನ್, ರೈಸ್ ಚರ್ಚುಗಳಲ್ಲಿ ಆರಾಧನೆ ನಡೆಯುವಾಗ, ಮೂರೂ ಕಟ್ಟಡಗಳು ತಮ್ಮತಮ್ಮ ಹಳೆಯ ಹೆಸರುಗಳನ್ನು ಉಳಿಸಿಕೊಂಡು ಒಂದೇ ಸಭಾಪ್ರಾಂತಕ್ಕೆ ಸೇರಿವೆ. ಅಲ್ಲಿಗೆ ಬರುವ ಯುವಜನರಲ್ಲಿ ಎಷ್ಟು ಮಂದಿಗೆ ತಮ್ಮ ಮುತ್ತಜ್ಜ ಯಾವ ಮಿಷನ್ನಿನವನಾಗಿದ್ದನೆಂದು ತಿಳಿದಿದೆಯೋ! ಆ ಮರೆವಿಗಾಗಿ ಒಂದು ತಲೆಮಾರಿನವರು ಮೂವತ್ತು ವರ್ಷ ಕಾಯಲು ಒಪ್ಪಿದ್ದರು. ನಮ್ಮ ನಮ್ಮ ಸಂಘಗಳಲ್ಲಿ, ಸಭೆಗಳಲ್ಲಿ, ನಾವು ಎಷ್ಟು ಕಾಲ ಕಾಯಲು ಸಿದ್ಧರಿದ್ದೇವೆ? ಓದುಗರು ತಮ್ಮ ಅನುಭವ ಮತ್ತು ಅಭಿಪ್ರಾಯಗಳನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ನಮ್ಮನ್ನು ಒಪ್ಪದವರ ಪತ್ರಗಳಿಗೆ ವಿಶೇಷ ಸ್ವಾಗತವಿದೆ.